ಹಿಮದೂರಿನ ಬೋವಾ ಮತ್ತು ಒಂದು ಥರ್ಮಾಮೀಟರು

ಮಗಳ ಬಾಣಂತನಕ್ಕೆಂದು ಹೆಂಡತಿ ಮೊದಲೇ ಅಮೆರಿಕಕ್ಕೆ ಹೋಗಿದ್ದಳು. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಪರೀಕ್ಷೆಯ ಹೊಸ್ತಿಲಲ್ಲಿ ಬಿಟ್ಟು ಬಂದ ಅಳುಕಿನೊಂದಿಗೆ ನಾನು ಒಂದು ತಿಂಗಳ ರಜೆ ಹಾಕಿ, 2019ರ ಜನವರಿ ಮೊದಲ ವಾರ ಸೇಂಟ್ ಪಾಲ್ ತಲುಪಿದೆ. ಮಿಸಿಸಿಪ್ಪಿ ನದಿಯ ದಂಡೆಯಲ್ಲಿರುವ ಈ ಊರು ಮಿನ್ನೆಸೋಟಾ ರಾಜ್ಯದ ರಾಜಧಾನಿ.

ಚಿತ್ರದುರ್ಗದ ಸೀಮೆಯ ಬಿಸಿಲಿನಲ್ಲಿ ಬೆಳೆದ ನನಗೆ ಅಲ್ಲಿನ ಚಳಿ ಪಾಠವೇ ಆಯಿತು. ಕೆರೆಗಳು ಕಲ್ಲಾಗಿದ್ದವು. ಜನ ಅವುಗಳ ಮೇಲೆ ನಡೆದುಹೋಗಿ, ಮಂಜುಗಡ್ಡೆಗೆ ತೂತು ಕೊರೆದು, ಗಾಳ ಇಳಿಬಿಟ್ಟು ಮೀನು ಹಿಡಿಯುತ್ತಿದ್ದರು. ಪೇಟೆಯಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಮೊದಲ ಮಹಡಿಯ ಮಟ್ಟದಲ್ಲಿ ಗಾಜಿನ ಸೇತುವೆಗಳು. ಅವುಗಳಿಗೆ ‘ಸ್ಕೈವೇ’ ಎಂದು ಹೆಸರು. ಚಳಿಗೆ ಮೈಯೊಡ್ಡದೆ ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗಿಬರಬಹುದು. ಊರಿಗೆ ಊರೇ ಬೆಚ್ಚಗಿನ ಗಾಜಿನ ಪೆಟ್ಟಿಗೆಯಲ್ಲಿ ವಾಸವಾಗಿದೆ ಎನಿಸಿತು.

ಮನೆಯೊಳಗೆ ಹೆಂಡತಿಯ ಕಾರುಬಾರು. ತಾಯಿ ಮಗುವಿಗೆ ಗಾಳಿ ತಾಗಬಾರದು, ಕಿವಿಗೆ ಬಟ್ಟೆ ಕಟ್ಟಬೇಕು. ಹೀಗಿರುವಾಗ ಒಂದು ಬೆಳಿಗ್ಗೆ ಅವಳು ಗಾಬರಿಯಿಂದ ಹೇಳಿದಳು: “ರೀ, ಕೆಳಗಿನ ಮನೇಲಿ ಹಾವು ಸಾಕಿದಾರಂತೆ!”

ಸುದ್ದಿ ನಿಜವಾಗಿತ್ತು. ಕೆಳಗಿನ ಮನೆಯ ಹನ್ನೆರಡು ವರ್ಷದ ಹುಡುಗನ ಬಳಿ ಐದಡಿ ಉದ್ದದ ಬೋವಾ ಇತ್ತು. ಅಳಿಯ ನನ್ನನ್ನು ‘ವಿಜ್ಞಾನದ ಮೇಷ್ಟ್ರು’ ಎಂದು ಪರಿಚಯಿಸಿದ್ದರಿಂದ ಹುಡುಗ ಉತ್ಸಾಹದಿಂದ ಒಳಗೆ ಕರೆದ.

ಬೋವಾ ಮಧ್ಯ ಮತ್ತು ದಕ್ಷಿಣ ಅಮೆರಿಕದ ಹಾವು. ವಿಷವಿಲ್ಲ, ನಮ್ಮ ಹೆಬ್ಬಾವಿನಂತೆ ಬೇಟೆಯನ್ನು ಸುತ್ತಿ ಹಿಸುಕುತ್ತದೆ. ಆದರೆ ಹೆಬ್ಬಾವು ಮೊಟ್ಟೆಯಿಟ್ಟರೆ ಬೋವಾ ಮರಿ ಹಾಕುತ್ತದೆ. ಅಲ್ಲಿ ಇದನ್ನು ಸಾಕುವ ಹವ್ಯಾಸ ಹಳೆಯದು. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಫಿಲಡೆಲ್ಫಿಯಾ ಮೃಗಾಲಯದಲ್ಲಿ 1977ರಲ್ಲಿ ಸತ್ತ ಬೋವಾ ಒಂದಕ್ಕೆ ನಲವತ್ತು ದಾಟಿತ್ತು.

ಈ ಹುಡುಗನ ಬೋವಾ ಮಾತ್ರ ಸುಖವಾಗಿರಲಿಲ್ಲ. ತಲೆಯನ್ನು ಗಾಜಿಗೆ ಆನಿಸಿ ಮೇಲೆತ್ತಿ, ಬಾಯಿ ಅರೆ ತೆರೆದು ಉಸಿರಾಡುತ್ತಿತ್ತು. ಮೂಗಿನ ಹೊಳ್ಳೆಯಲ್ಲಿ ಸಣ್ಣ ಗುಳ್ಳೆಗಳು. ಹತ್ತಿರ ಕಿವಿಯಿಟ್ಟರೆ ಸೀಟಿಯಂಥ ಸದ್ದು. ಹಿಂದಿನ ವಾರ ನುಂಗಿದ್ದ ಇಲಿಯನ್ನು ಮೂರನೆಯ ದಿನ ಅರೆಬರೆ ಕೊಳೆತ ಸ್ಥಿತಿಯಲ್ಲಿ ಕಕ್ಕಿತ್ತಂತೆ. ಹುಡುಗನ ಕಣ್ಣಲ್ಲಿ ನೀರು.

ನನಗೆ ಆಗ ಇನ್ನೊಂದು ಹಾವಿನ ನೆನಪು ಬಂತು. 1993ರಲ್ಲಿ, ನಾನು ಕೆಲಸಕ್ಕೆ ಸೇರಿದ ವರ್ಷ, ಎಂಟನೇ ತರಗತಿಯ ಹುಡುಗನೊಬ್ಬ ಹೊಲದಲ್ಲಿ ಸಿಕ್ಕ ಮಣ್ಣುಮುಕ್ಕ ಹಾವನ್ನು ತಂದಿದ್ದ. ಬಾಲವೂ ತಲೆಯಂತೆ ಮೊಂಡಾಗಿರುವುದರಿಂದ ಜನ ‘ಎರಡು ತಲೆ ಹಾವು’ ಎನ್ನುವ, ಬೋವಾಗಳ ಹತ್ತಿರದ ನೆಂಟ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಆದೀತೆಂದು ನಾನೇ ಅದನ್ನು ಗಾಜಿನ ಜಾಡಿಯಲ್ಲಿ ಹಾಕಿ, ಡಿಸೆಂಬರಿನ ಚಳಿಯಲ್ಲಿ ಪ್ರಯೋಗಶಾಲೆಯ ಸಿಮೆಂಟು ನೆಲದ ಮೇಲಿಟ್ಟೆ. ಹೂತುಕೊಳ್ಳಲು ಮಣ್ಣಿಲ್ಲ, ಕಾಯಿಸಿಕೊಳ್ಳಲು ಬಿಸಿಲಿಲ್ಲ. ಹಾವು ಕುಡಿಯದ ಹಾಲನ್ನೂ ಇಟ್ಟೆವು. ಹತ್ತನೆಯ ದಿನ ಸತ್ತಿತು. “ವಯಸ್ಸಾಗಿತ್ತು ಕಣ್ರೋ” ಎಂದು ಮಕ್ಕಳಿಗೆ ಹೇಳಿದೆ. ಅದು ಸುಳ್ಳು.

ಹುಡುಗನ ತಂದೆ ಮರುದಿನ ಹಾವನ್ನು ಪಶುವೈದ್ಯೆಯ ಬಳಿ ಒಯ್ದರು. ಮುದುಕ ಮೇಷ್ಟ್ರ ಕುತೂಹಲ ತಡೆಯದೆ ನಾನೂ ಹೋದೆ. ಶ್ವಾಸಕೋಶದ ಸೋಂಕು ಎಂದರು. ಹಾವಿಗೆ ನಮ್ಮಂತೆ ವಪೆ ಇಲ್ಲ. ಕೆಮ್ಮಿ ಕಫ ಹೊರಹಾಕಲಾರದು. ಹಾಗಾಗಿ ನೆಗಡಿಯಂತೆ ಕಾಣುವುದೇ ಪ್ರಾಣಕ್ಕೆ ಎರವಾಗಬಹುದು. ಆಂಟಿಬಯಾಟಿಕ್ ಬರೆಯುವ ಮೊದಲು ಅವರು ಕೇಳಿದ್ದು ಒಂದೇ ಪ್ರಶ್ನೆ: “ಪೆಟ್ಟಿಗೆಯ ನೆಲದಲ್ಲಿ ಉಷ್ಣತೆ ಎಷ್ಟು?”

“88 ಡಿಗ್ರಿ” ಎಂದ ಹುಡುಗ. ಫ್ಯಾರನ್‌ಹೀಟ್ ಲೆಕ್ಕ, ನಮ್ಮ 31 ಡಿಗ್ರಿ ಸೆಲ್ಸಿಯಸ್. ಬೋವಾಗೆ ಹೊಂದುವಂಥದ್ದೇ. ಮನೆಗೆ ಬಂದು ನೋಡಿದರೆ, ಅಂಗಡಿಯವರು ಕೊಟ್ಟಿದ್ದ ಮುಳ್ಳಿನ ಥರ್ಮಾಮೀಟರನ್ನು ಗಾಜಿನ ಮೇಲ್ತುದಿಗೆ, ದೀಪದ ಪಕ್ಕದಲ್ಲೇ ಅಂಟಿಸಿದ್ದರು. ಹಾವು ಮಲಗುವುದು ನೆಲದ ಮೇಲೆ! ತಂತಿಯ ತುದಿಯಲ್ಲಿ ಸೂಕ್ಷ್ಮಗ್ರಾಹಿಯಿರುವ ಡಿಜಿಟಲ್ ಥರ್ಮಾಮೀಟರನ್ನು ಅಲ್ಲಿಟ್ಟಾಗ 72 ಡಿಗ್ರಿ ತೋರಿಸಿತು, ಅಂದರೆ ಬರೀ 22 ಸೆಲ್ಸಿಯಸ್. ರಾತ್ರಿ ಇನ್ನೂ ಕೆಳಗೆ. ಜಾಲರಿಯ ಮುಚ್ಚಳದಿಂದ ಬಿಸಿಗಾಳಿ ಮೇಲಕ್ಕೆ ಹೋಗುತ್ತಿತ್ತು. ಪೆಟ್ಟಿಗೆಯಿದ್ದದ್ದು ಹಿಮ ಕಟ್ಟಿದ ಕಿಟಕಿಯ ಪಕ್ಕ.

ವಿದ್ಯಾರ್ಥಿಗಳು ಇಲ್ಲಿ ಒಂದು ವಿಷಯ ಗಮನಿಸಬೇಕು. ಹಾವನ್ನು ‘ಶೀತರಕ್ತ ಪ್ರಾಣಿ’ ಎಂದು ನಾವು ಕಲಿಸುತ್ತೇವೆ. ಆ ಪದ ದಾರಿ ತಪ್ಪಿಸುತ್ತದೆ. ಅದರ ರಕ್ತ ಸದಾ ತಣ್ಣಗಿರುವುದಿಲ್ಲ. ಸುತ್ತಲಿನ ಶಾಖ ಎಷ್ಟೋ ಅದೂ ಸುಮಾರು ಅಷ್ಟೇ. ನಾವು ಉಂಡ ಅನ್ನವನ್ನು ಉರಿಸಿ 37 ಡಿಗ್ರಿ ಕಾಯ್ದುಕೊಳ್ಳುತ್ತೇವೆ. ಹಾವು ಬಿಸಿಲಿಗೂ ನೆರಳಿಗೂ ಸರಿದಾಡಿ ಅದನ್ನು ಸಾಧಿಸುತ್ತದೆ. ಮೈ ತಣ್ಣಗಾದರೆ ಕಿಣ್ವಗಳು ನಿಧಾನಿಸುತ್ತವೆ. ಇಲಿ ಜೀರ್ಣವಾಗುವ ಬದಲು ಹೊಟ್ಟೆಯಲ್ಲೇ ಕೊಳೆಯುತ್ತದೆ. ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಕೊಟ್ಟ ಔಷಧಿಯೂ ಮೈಯಲ್ಲಿ ಸರಿಯಾಗಿ ಹರಡುವುದಿಲ್ಲ.

ಮಿಷಿಗನ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸಾಕ್ಷಿ. ಮರುಭೂಮಿಯ ಇಗ್ವಾನಾ ಹಲ್ಲಿಗಳಿಗೆ ಬ್ಯಾಕ್ಟೀರಿಯಾ ಸೋಂಕು ತಗುಲಿಸಿ ಬೇರೆ ಬೇರೆ ಉಷ್ಣತೆಯಲ್ಲಿಟ್ಟರು. 34 ಡಿಗ್ರಿಯಲ್ಲಿದ್ದವು ಉಳಿಯಲಿಲ್ಲ. 40ರಲ್ಲಿದ್ದವುಗಳಲ್ಲಿ ಹೆಚ್ಚಿನವು ಬದುಕಿದವು. ರೋಗ ಬಂದಾಗ ಈ ಹಲ್ಲಿಗಳು ತಾವಾಗಿಯೇ ಹೆಚ್ಚು ಬಿಸಿಯ ಜಾಗ ಹುಡುಕುತ್ತವೆ. ಅದೇ ಅವುಗಳ ಜ್ವರ. ಗಾಜಿನ ಪೆಟ್ಟಿಗೆಯ ಹಾವು ಎಲ್ಲಿಗೆ ಹುಡುಕಿಕೊಂಡು ಹೋದೀತು?

ಅಂದೇ ಕೆಲಸ ಶುರು. ಪೆಟ್ಟಿಗೆಯನ್ನು ಕಿಟಕಿಯಿಂದ ಒಳಗೋಡೆಗೆ ಸರಿಸಿದೆವು. ಮೂರು ಬದಿಗೆ ಥರ್ಮೋಕೋಲ್ ಹಲಗೆ. ಗಾಳಿಯಾಡಲು ಜಾಗ ಬಿಟ್ಟು, ಮುಚ್ಚಳದ ಉಳಿದ ಭಾಗಕ್ಕೆ ಹೊದಿಕೆ. ಒಂದು ತುದಿಯ ಅಡಿಯಲ್ಲಿ ಬಿಸಿಯ ಪಟ್ಟಿ, ಅದಕ್ಕೆ ಥರ್ಮೋಸ್ಟ್ಯಾಟ್. ಥರ್ಮೋಸ್ಟ್ಯಾಟ್ ಇಲ್ಲದ ಬಿಸಿಯ ಪಟ್ಟಿ ಅಪಾಯ: ಮೈ ಸುಡುತ್ತಿದ್ದರೂ ಹಾವು ಎದ್ದು ಹೋಗದು. ಬಿಸಿ ತುದಿ 32 ಡಿಗ್ರಿ, ತಂಪು ತುದಿ 27. ಎರಡೂ ಕಡೆ ಅಡಗಲು ಒಂದೊಂದು ಡಬ್ಬ. ಆಯ್ಕೆ ಹಾವಿಗೇ ಬಿಟ್ಟದ್ದು. ಹವೆಯಲ್ಲಿ ತೇವ ಇರಲೆಂದು ಅಗಲ ಬಾಯಿಯ ನೀರಿನ ಬಟ್ಟಲು, ಆದರೆ ನೆಲ ಒಣಗಿರಬೇಕು. ಮೂರು ದಿನಕ್ಕೊಂದು ಇಂಜೆಕ್ಷನ್. ಉಸಿರು ಸುಧಾರಿಸುವವರೆಗೆ ಊಟವಿಲ್ಲ. ಹುಡುಗ ನೋಟ್‌ಬುಕ್ಕಿನಲ್ಲಿ ದಿನಕ್ಕೆ ನಾಲ್ಕು ಸಲ ಉಷ್ಣತೆ ಬರೆಯತೊಡಗಿದ. ನಾನು ಮೇಲಕ್ಕೆ ಬಂದ ಕೂಡಲೇ ಸಾಬೂನಿನಿಂದ ಕೈ ತೊಳೆದು ಬಟ್ಟೆ ಬದಲಿಸುತ್ತಿದ್ದೆ. ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಅದು ಅಪಾಯ. ಮೇಲೆ ಎಳೆಗೂಸಿತ್ತಲ್ಲ!

ಪರೀಕ್ಷೆ ಬಂದದ್ದು ಜನವರಿ 30ರಂದು. ಧ್ರುವದ ಕಡೆಯಿಂದ ಇಳಿದ ಶೀತಮಾರುತಕ್ಕೆ ಹೊರಗೆ ಮೈನಸ್ 30ಕ್ಕೂ ಕೆಳಗೆ. ಶಾಲೆಗಳಿಗೆ ರಜೆ. ಗ್ಯಾಸಿಗೆ ಬೇಡಿಕೆ ವಿಪರೀತ ಏರಿದ್ದರಿಂದ, ಮನೆಯ ಶಾಖವನ್ನು 63 ಡಿಗ್ರಿ ಫ್ಯಾರನ್‌ಹೀಟಿಗೆ, ಅಂದರೆ 17 ಸೆಲ್ಸಿಯಸ್‌ಗೆ ಇಳಿಸಿಕೊಳ್ಳಿ ಎಂದು ಕಂಪನಿಯವರು ಕೇಳಿಕೊಂಡರು. ಮೇಲಿನ ಮನೆಯಲ್ಲಿ ಹೆಂಡತಿ ಬಾಣಂತಿಯ ಕೋಣೆಗೆ ಇದ್ದಬದ್ದ ಕಂಬಳಿಯನ್ನೆಲ್ಲ ಸೇರಿಸಿದಳು. ಕೆಳಗೆ ಹುಡುಗ ತನ್ನ ಹೊದಿಕೆಯನ್ನೇ ಪೆಟ್ಟಿಗೆಯ ಹಿಂಬದಿಗೆ ಹೊದಿಸಿ, ರಾತ್ರಿ ಎರಡೆರಡು ಗಂಟೆಗೆ ಎದ್ದು ಥರ್ಮಾಮೀಟರು ನೋಡಿದ. ಬೆಳಿಗ್ಗೆ ನೋಟ್‌ಬುಕ್ ತೋರಿಸಿದ: ಬಿಸಿ ತುದಿ ಒಮ್ಮೆಯೂ 30ಕ್ಕಿಂತ ಕೆಳಗಿಳಿದಿರಲಿಲ್ಲ. ಎರಡು ಮಹಡಿಯಲ್ಲೂ ನಡೆದದ್ದು ಒಂದೇ ಬಗೆಯ ಆರೈಕೆ ಎಂದು ಹೇಳಿದರೆ ಹೆಂಡತಿ ಮಾತ್ರ ಮುಖ ಸಿಂಡರಿಸಿದಳು.

ಶಾಖ ಎಲ್ಲಕ್ಕೂ ಮದ್ದಲ್ಲ. ಬೋವಾಗಳನ್ನು ಕಾಡುವ ‘ಇನ್‌ಕ್ಲೂಷನ್ ಬಾಡಿ’ ಎಂಬ ಕಾಯಿಲೆಗೆ ಒಂದು ಬಗೆಯ ಅರೆನಾವೈರಸ್ ಕಾರಣವಿರಬೇಕೆಂದು ಸ್ಯಾನ್ ಫ್ರಾನ್ಸಿಸ್ಕೊದ ಸಂಶೋಧಕರು 2012ರಲ್ಲಿ ಕಂಡುಕೊಂಡರು; ಅದಕ್ಕೆ ಚಿಕಿತ್ಸೆಯಿಲ್ಲ. ಶಾಖ ಸರಿಪಡಿಸಿದ ಮಾತ್ರಕ್ಕೆ ವೈದ್ಯರನ್ನು ಬಿಡುವಂತಿಲ್ಲ. ಆದರೆ ಶಾಖ ಸರಿಯಿಲ್ಲದಿದ್ದರೆ ವೈದ್ಯರ ಔಷಧಿಯೂ ವ್ಯರ್ಥ.

ಫೆಬ್ರವರಿ ಮೊದಲ ವಾರ ನಾನು ಹೊರಡುವಾಗ ಬೋವಾ ಬಾಯಿ ಮುಚ್ಚಿ ಸದ್ದಿಲ್ಲದೆ ಉಸಿರಾಡುತ್ತಿತ್ತು. ತಿಂಗಳ ಮೇಲೆ ಮಗಳು ಫೋನಿನಲ್ಲಿ ಹೇಳಿದಳು: “ಅಪ್ಪ, ಹಾವು ಇಲಿ ತಿಂತಂತೆ, ಕಕ್ಕಲಿಲ್ಲವಂತೆ.”

ಇದನ್ನು ಓದಿ ಯಾವ ಹುಡುಗನೂ ಹಾವು ಹಿಡಿಯಲು ಹೊಲಕ್ಕೆ ಹೋಗಬಾರದು. ನಮ್ಮ ಮಣ್ಣುಮುಕ್ಕ ಹಾವಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಹಿಡಿಯುವುದೂ ಮಾರುವುದೂ ಅಪರಾಧ. ಅದೃಷ್ಟ ತರುತ್ತದೆಂಬ ಮೂಢನಂಬಿಕೆಗೆ ಬಲಿಯಾಗಿ ಅದು ಈಗಾಗಲೇ ಸಾಕಷ್ಟು ಕಷ್ಟ ಕಂಡಿದೆ. ಮೀನೋ, ಗಿಣಿಯೋ, ನಾಯಿಮರಿಯೋ, ಮಕ್ಕಳು ಏನನ್ನಾದರೂ ಸಾಕಬೇಕೆಂದು ಹಟ ಹಿಡಿದಾಗ ತಂದೆತಾಯಿಗಳು ಬೆಲೆ ಕೇಳುವುದಕ್ಕೆ ಮೊದಲು ಅದರ ಊರು ಯಾವುದು, ಅಲ್ಲಿನ ಹವೆ ಎಂಥದು ಎಂದು ಕೇಳಲಿ. ಅದನ್ನು ಒದಗಿಸಲಾಗದಿದ್ದರೆ ತರದಿರುವುದೇ ದಯೆ.

1993ರಲ್ಲಿ ಹಾವು ತಂದಿದ್ದ ಹುಡುಗ ಈಗ ಎರಡು ಮಕ್ಕಳ ತಂದೆ. ಆ ಬೇಸಿಗೆಯಲ್ಲಿ ಊರ ಜಾತ್ರೆಯಲ್ಲಿ ಸಿಕ್ಕಾಗ ಹೇಳಿದೆ: “ಅದಕ್ಕೆ ವಯಸ್ಸಾಗಿರಲಿಲ್ಲ ಕಣಪ್ಪ. ನಾನು ಥರ್ಮಾಮೀಟರು ಇಟ್ಟು ನೋಡಿರಲಿಲ್ಲ.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಂಗೆ ಆವಾಗ್ಲೇ ಅನ್ಸಿತ್ತು ಸಾ” ಎಂದ.