ಗೌರಮ್ಮ ಬದಲಾದ ಬಗೆ

ಮಾದಾಪುರಕ್ಕೆ ಹತ್ತಿರದ ಸುಂಟಿಕೊಪ್ಪದ ಕಾಫಿ ಸೀಮೆಯಲ್ಲಿ ಬಾಳಿದ ಕೊಡಗಿನ ಗೌರಮ್ಮ ಮೊದಮೊದಲು ಕಥೆಗಳಿಗೆ ಹಾಕುತ್ತಿದ್ದ ಹೆಸರು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’. ತೋಟದ ಮ್ಯಾನೇಜರರ ಹೆಂಡತಿ, ಅಷ್ಟೇ ಪರಿಚಯ.

ಆ ಪರಿಚಯದೊಳಗೆ ಅವರು ಬಹುಕಾಲ ಉಳಿಯಲಿಲ್ಲ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೂ ಬರಲೇಬೇಕೆಂದು ಉಪವಾಸ ಕೂತರು. ಗಾಂಧೀಜಿ ಬಂದರು, ಗೌರಮ್ಮ ಹರಿಜನ ನಿಧಿಗೆ ಒಡವೆ ಬಿಚ್ಚಿಕೊಟ್ಟರು. ಅಷ್ಟು ಎಳೆಯ ಹರೆಯದಲ್ಲಿ ಹಾಗೆ ಹಠ ಹಿಡಿಯಲು ಎಂಥ ಗಟ್ಟಿತನ ಬೇಕು! ಟೆನ್ನಿಸ್ ಆಡಿದರು, ಈಜಿದರು, ವಿಧವೆಯರ ನೋವನ್ನೂ ವರದಕ್ಷಿಣೆಯ ಕ್ರೌರ್ಯವನ್ನೂ ನೇರವಾಗಿ ಬರೆದರು.

1939ರ ಏಪ್ರಿಲ್‌ನಲ್ಲಿ, ಇಪ್ಪತ್ತೇಳನೇ ವಯಸ್ಸಿಗೆ, ಈಜಲು ಹೋಗಿ ನೀರುಪಾಲಾದರು. ಗೆಳೆಯರಾಗಿದ್ದ ಕವಿ ಬೇಂದ್ರೆ ‘ತಂಗಿ ಗೌರಮ್ಮ’ ಕವನ ಬರೆದರು. ‘ಕಂಬನಿ’, ‘ಚಿಗುರು’ ಕಥಾಸಂಕಲನಗಳನ್ನು ಓದುವವರಿಗೆ ಇಂದು ಅವರು ಕೊಡಗಿನ ಗೌರಮ್ಮ.