ಹಳೆಯ ಕಾರು, ಊರಿನ ದಾರಿ ಮತ್ತು ಒಂದು ಲೆಕ್ಕದ ಪುಸ್ತಕ



ಮುಂಬಯಿಯಿಂದ ಧಾರವಾಡಕ್ಕೆ ಸುಮಾರು 550 ಕಿಲೋಮೀಟರ್. ನಿಮ್ಮಲ್ಲಿ ಹಲವರಿಗೆ ಈ ದಾರಿ ಎಂದರೆ ರಾತ್ರಿ ಸ್ಲೀಪರ್ ಬಸ್ಸು ಹತ್ತಿ ಮಲಗುವುದು, ಬೆಳಿಗ್ಗೆ ಕಣ್ಣು ಬಿಟ್ಟಾಗ ಊರು! ನಡುವೆ ಯಾವ ಘಟ್ಟ ಹತ್ತಿದಿರಿ, ಯಾವ ಹೊಳೆ ದಾಟಿದಿರಿ ಎಂಬುದು ನಿಮಗೆ ತಿಳಿಯುವುದೇ ಇಲ್ಲ. ಒಮ್ಮೆಯಾದರೂ ಹಗಲು ಹೊತ್ತಿನಲ್ಲಿ, ನಿಮ್ಮ ಮನೆಯ ಕಾರಿನಲ್ಲೇ ಹೋಗಿ ನೋಡಿ ಎಂದು ಹೇಳುವುದಕ್ಕೆ ಈ ಲೇಖನ. ಕಾರು ಹಳೆಯದಾದರೂ ಚಿಂತೆಯಿಲ್ಲ. ಅದರ ಸ್ವಭಾವ ತಿಳಿದಿದ್ದರೆ ಸಾಕು.

ನಮ್ಮ ಕಾರು 1996ರದು. ಮಾವನವರು ನಿವೃತ್ತಿಯ ಹಣದಲ್ಲಿ ಕೊಂಡದ್ದು. ಅವರು ಹೋದ ಮೇಲೆ ಅದು ಡೊಂಬಿವಲಿಯ ನಮ್ಮ ಮನೆಗೆ ಬಂತು. ಕಾರ್ಬ್ಯುರೇಟರ್ ಕಾಲದ ಗಾಡಿ. ಒಮ್ಮೆ ಚಾವಿ ತಿರುಗಿಸಿದ ತಕ್ಷಣ ಗುರ್ರೆನ್ನುತ್ತಿತ್ತು, ಇನ್ನೊಮ್ಮೆ ಎಷ್ಟು ಗೋಗರೆದರೂ ಎದ್ದೇಳುತ್ತಿರಲಿಲ್ಲ. ಮೆಕ್ಯಾನಿಕ್ ಬರುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ಶುರುವಾಗುತ್ತಿತ್ತು. ಜ್ವರ ಬಿಟ್ಟ ಮೇಲೆ ಡಾಕ್ಟರ ಹತ್ತಿರ ಹೋದರೆ ಅವರಾದರೂ ಏನು ಮಾಡಿಯಾರು? ಒಂದು ಗ್ಯಾರೇಜಿನಲ್ಲಿ ಪ್ಲಗ್ ಬದಲಿಸಿದರು, ಇನ್ನೊಂದರಲ್ಲಿ ಕಾರ್ಬ್ಯುರೇಟರ್ ತೊಳೆದರು, ಮೂರನೆಯದರಲ್ಲಿ ಪೆಟ್ರೋಲ್ ಪಂಪೇ ಹೊಸದಾಯಿತು. ತೊಂದರೆ ಮಾತ್ರ ಹಾಗೇ ಉಳಿಯಿತು. “ಗುಜರಿಗೆ ಹಾಕಿ ಬಿಡಮ್ಮಾ” ಎಂದ ನಮ್ಮ ಮಗ.

ಹಾಗೆ ಹಾಕುವಂತಿರಲಿಲ್ಲ. 2024ರ ಮೇ ತಿಂಗಳಲ್ಲಿ ಧಾರವಾಡದಲ್ಲಿ ಒಬ್ಬರೇ ಇರುವ ನಮ್ಮ ಅತ್ತೆಯವರನ್ನು ಕಣ್ಣಿನ ಪೊರೆಯ ಆಪರೇಷನ್ನಿಗೆ ಮುಂಬಯಿಗೆ ಕರೆತರಬೇಕಾಗಿತ್ತು. ಅವರಿಗೆ 84 ವರ್ಷ. ಸ್ಲೀಪರ್ ಬಸ್ಸಿನ ಏಣಿ ಹತ್ತಲಾರರು, ರೈಲಿನ ಗದ್ದಲ ಬೇಡವೆಂದರು. “ನಮ್ಮ ಯಜಮಾನರ ಕಾರು ತಂದರೆ ಬರ್ತೀನಿ” ಎಂದು ಒಂದೇ ಮಾತು. ಕಣ್ಣು ಕಾಣದ ಮುದುಕಿಯನ್ನು ಕೂರಿಸಿಕೊಂಡು ಘಟ್ಟದ ತಿರುವಿನಲ್ಲಿ ಕಾರು ನಿಂತರೆ ಗತಿಯೇನು? ಹೋಗುವಾಗಲೇ ಅದರ ಕಾಯಿಲೆ ಪತ್ತೆಯಾಗಬೇಕಿತ್ತು.

ನಾನು ಓದಿದ್ದು ಬಿ.ಎ., ಅದೂ ಇಂಗ್ಲಿಷ್ ಸಾಹಿತ್ಯ. ಎಂಜಿನ್ನಿನ ಗಂಧ ನನಗಿಲ್ಲ. ಆದರೆ ಶೆರ್ಲಾಕ್ ಹೋಮ್ಸನ ಕಥೆಗಳನ್ನು ಓದಿದ್ದೆ, ಮನೆಯ ಲೆಕ್ಕ ಬರೆಯುವ ರೂಢಿ ಮೂವತ್ತು ವರ್ಷದ್ದು. ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಗೆರೆ ಎಳೆದು ಕಾರು ಕೈಕೊಟ್ಟಾಗಲೆಲ್ಲ ಐದು ಸಂಗತಿ ಬರೆಯತೊಡಗಿದೆ: ಎಂಜಿನ್ ಬಿಸಿಯೋ ತಣ್ಣಗೋ, ಎಷ್ಟು ಹೊತ್ತು ನಿಂತಿತ್ತು, ಹೊರಗೆ ಬಿಸಿಲೆಷ್ಟು, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟು, ಪೆಟ್ರೋಲ್ ವಾಸನೆ ಬಂತೋ ಇಲ್ಲವೋ.

ಈ ವಾಸನೆಯ ಮಾತು ಮುಖ್ಯ. ಎಂಜಿನ್ ಶುರುವಾಗಲು ಪೆಟ್ರೋಲ್, ಗಾಳಿ, ಕಿಡಿ ಮೂರೂ ಬೇಕು. ಶುರುವಾಗದೆ ಪೆಟ್ರೋಲ್ ವಾಸನೆ ಘಮ್ಮೆಂದು ಹೊಡೆದರೆ ಪೆಟ್ರೋಲ್ ಹೆಚ್ಚಾಗಿ ತೊಯ್ದುಹೋಗಿರಬಹುದು, ಇಲ್ಲವೇ ಕಿಡಿ ಬರುತ್ತಿಲ್ಲ. ವಾಸನೆಯೇ ಇಲ್ಲದಿದ್ದರೆ ಪೆಟ್ರೋಲ್ ತಲುಪುತ್ತಿಲ್ಲವೆಂಬ ಗುಮಾನಿ. ಫಿಲ್ಟರಿನಲ್ಲಿ ಕಸ, ಪಂಪಿನ ಒಳಪೊರೆ ಸಡಿಲ, ಟ್ಯಾಂಕಿಗೆ ಗಾಳಿಯಾಡುವ ರಂಧ್ರ ಮುಚ್ಚಿದ್ದು, ಇಲ್ಲವೇ ಕೊಳವೆಯಲ್ಲಿ ಆವಿ. ಮುಚ್ಚಳ ತೆರೆದಾಗ ಸುಯ್ಯೆಂದು ಗಾಳಿ ಒಳಗೆ ನುಗ್ಗಿ, ಆಮೇಲೆ ಕಾರು ಶುರುವಾದರೆ ಕಳ್ಳ ಸಿಕ್ಕಿದ ಎನ್ನಿ. ನಮ್ಮ ಕಾರಿನಲ್ಲಿ ಸುಯ್ಯೆನ್ನಲಿಲ್ಲ, ವಾಸನೆಯೂ ಇರಲಿಲ್ಲ.

ಈಗ ದಾರಿಗೆ ಬರೋಣ. ನಸುಕಿಗೇ ಹೊರಟೆವು. ಟ್ಯಾಂಕು ಅರ್ಧಕ್ಕಿಂತ ಕಡಿಮೆಯಿತ್ತು, ಪುಣೆ ದಾಟಿ ತುಂಬಿಸುವುದೆಂದು ನಮ್ಮ ಮನೆಯವರ ಲೆಕ್ಕ. ಖೋಪೋಲಿಯಿಂದ ಬೋರ್ ಘಾಟ್ ಹತ್ತಿ ಲೋಣಾವಳದಲ್ಲಿ ಇಪ್ಪತ್ತು ನಿಮಿಷ ಚಹಾಕ್ಕೆ ನಿಂತೆವು. ಮತ್ತೆ ಚಾವಿ ತಿರುಗಿಸಿದರೆ ಕಾರು ಮೌನವ್ರತ! ಇಂಥಲ್ಲಿ ಗಾಬರಿಯಾಗಬೇಡಿ. ಬಿಸಿ ಎಂಜಿನ್ ನಿಲ್ಲಿಸಿದೊಡನೆ ನೀರಿನ ಓಡಾಟ ನಿಲ್ಲುತ್ತದೆ, ಬಾನೆಟ್ಟಿನೊಳಗಿನ ಕಾವು ಸ್ವಲ್ಪ ಹೊತ್ತು ಏರುತ್ತಲೇ ಹೋಗುತ್ತದೆ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗತೊಡಗುತ್ತವೆ. ಎಂಜಿನ್ನಿಗೇ ಅಂಟಿಕೊಂಡಿರುವ ಹಳೆಯ ಕಾಲದ ಪಂಪು ದ್ರವವನ್ನು ಎಳೆಯಬಲ್ಲದು, ಆವಿಯನ್ನು ಎಳೆಯಲಾರದು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾದೆವು. ಕಾಲು ಗಂಟೆಗೆ ಶುರುವಾಯಿತು.

ಶಿರವಳದಲ್ಲಿ ಟ್ಯಾಂಕು ತುಂಬಿಸಿ ಖಂಬಾಟಕಿ ಘಾಟ್ ಹತ್ತಿದೆವು. ಸಾತಾರಾದಲ್ಲಿ ಊಟ. ಹೊರಗೆ ಬೆಂಕಿಯಂಥ ಬಿಸಿಲು. ಆದರೂ ಕಾರು ಒಂದೇ ಸಲಕ್ಕೆ ಶುರು! ಕರಾಡದಲ್ಲಿ ಕೃಷ್ಣೆ ಮತ್ತು ಕೊಯ್ನೆ ಎದುರುಬದುರಾಗಿ ಬಂದು ಕೂಡುವ ಪ್ರೀತಿಸಂಗಮ ಇದೆ, ತಪ್ಪದೆ ನೋಡಿ. ಅಕ್ಕತಂಗಿಯರು ಅಪ್ಪಿಕೊಂಡ ಹಾಗೆ ಕಾಣುತ್ತದೆ. ಅಲ್ಲಿಯೂ ಇಪ್ಪತ್ತು ನಿಮಿಷ ನಿಂತೆವು, ಅಲ್ಲಿಯೂ ತಕರಾರಿಲ್ಲ. ಬರೀ ಕಾವಿನದೇ ತಪ್ಪಾದರೆ ಲೋಣಾವಳಕ್ಕಿಂತ ಬಿಸಿಯಾದ ಸಾತಾರಾ, ಕರಾಡಗಳಲ್ಲಿ ಏಕೆ ತೊಂದರೆಯಾಗಲಿಲ್ಲ?

ಕೊಲ್ಹಾಪುರದ ಪಂಚಗಂಗೆ ದಾಟಿ, ಕಾಗಲ್ ಹಿಂದೆ ಬಿಟ್ಟು, ಕನ್ನಡ ಫಲಕಗಳು ಕಾಣತೊಡಗಿದಾಗ ಮಗನಿಗೂ ಹುರುಪು, ಅಕ್ಷರ ಕೂಡಿಸಿ ಕೂಡಿಸಿ ಓದತೊಡಗಿದ. ತಂಬಾಕಿನ ಪೇಟೆಯಾದ ನಿಪ್ಪಾಣಿಯಲ್ಲಿ ಮತ್ತೆ ಚಹಾ. ಮತ್ತೆ ಮೌನವ್ರತ. ಟ್ಯಾಂಕಿನ ಮುಳ್ಳು ಅರ್ಧಕ್ಕಿಂತ ಕೆಳಗಿತ್ತು. ಪುಸ್ತಕ ತೆಗೆದು ಹಳೆಯ ಪುಟಗಳನ್ನು ನೋಡಿದೆ. ಆರು ಸಲ ಕೈಕೊಟ್ಟಿತ್ತು. ಆರೂ ಸಲ ಎಂಜಿನ್ ಬಿಸಿ, ಆರೂ ಸಲ ಟ್ಯಾಂಕು ಅರ್ಧಕ್ಕಿಂತ ಕಡಿಮೆ!

ಹತ್ತಿರದ ಗ್ಯಾರೇಜಿನ ಹುಡುಗನಿಗೆ ಪುಸ್ತಕ ತೋರಿಸಿದೆ. ಅವನು ನಗಲಿಲ್ಲ, ಬೆರಳಿಟ್ಟು ಓದಿದ. ಮೊದಲು ಪ್ಲಗ್ ತೆಗೆದು ಕಿಡಿ ನೋಡಿದ, ಚೆನ್ನಾಗಿತ್ತು. (ಬಿಸಿಯಾದಾಗ ಕಾಯಿಲ್ ಕೆಟ್ಟರೂ ಇದೇ ಲಕ್ಷಣ, ಅದಕ್ಕೇ ಈ ಪರೀಕ್ಷೆ ಮೊದಲು.) ಆಮೇಲೆ ಕಾಯಿಲಿನ ವೈರು ಕಳಚಿಟ್ಟು, ಪಂಪಿನಿಂದ ಹೊರಡುವ ಕೊಳವೆಯನ್ನು ಬಾಟಲಿಗೆ ಇಳಿಸಿ ಸೆಲ್ಫ್ ಹೊಡೆಯಲು ಹೇಳಿದ. ಪೆಟ್ರೋಲಿನ ಜೊತೆ ಗುಳುಗುಳು ಗುಳ್ಳೆ.

“ಅಕ್ಕಾರ, ಪೈಪ್ ಗಾಳಿ ಜಗ್ಗಾಕತ್ತೈತ್ರಿ. ಪಂಪ್ ಬದಲಿ ಮಾಡ್ಯಾರ, ಪೈಪ್ ಯಾರೂ ಮುಟ್ಟಿಲ್ಲ” ಎಂದ.

ಟ್ಯಾಂಕಿನ ಕಡೆಯಿಂದ ಪಂಪಿಗೆ ಬಂದು ಸೇರುವ ಗೇಣುದ್ದದ ರಬ್ಬರ್ ಕೊಳವೆಯನ್ನು ಕಳಚಿ ಬಗ್ಗಿಸಿದಾಗ ಕೂದಲೆಳೆಯಂಥ ಬಿರುಕುಗಳು ಬಾಯಿ ಬಿಟ್ಟವು. ಅಲ್ಲಿ ಪಂಪು ಎಳೆಯುತ್ತಿರುವುದರಿಂದ ಪೆಟ್ರೋಲ್ ಹೊರಗೆ ತೊಟ್ಟಿಕ್ಕುವ ಬದಲು ಗಾಳಿ ಒಳಗೆ ಹೋಗುತ್ತಿತ್ತು. ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಟ್ಯಾಂಕು ತುಂಬಿದ್ದಾಗ ಪೆಟ್ರೋಲಿನ ಮಟ್ಟ ಮೇಲಿರುತ್ತದೆ, ಪಂಪಿಗೆ ಶ್ರಮ ಕಡಿಮೆ. ಮಟ್ಟ ಇಳಿದಾಗ ಹೆಚ್ಚು ಎಳೆಯಬೇಕು, ಗಾಳಿಯೂ ಹೆಚ್ಚು ನುಗ್ಗುತ್ತದೆ. ಅದರ ಜೊತೆ ನಿಂತಾಗಿನ ಕಾವಿನ ಆವಿಯೂ ಸೇರಿದರೆ ಪಂಪು ಸೋಲುತ್ತದೆ. ಓಡುವಾಗ ಪಂಪು ಬಿರುಸಾಗಿ ಕೆಲಸ ಮಾಡುವುದರಿಂದ ಹೇಗೋ ನಿಭಾಯಿಸುತ್ತಿತ್ತು. ಕೊಳವೆ, ಎರಡು ಕ್ಲಾಂಪು, ಹೊಸ ಫಿಲ್ಟರು, ಕೂಲಿ ಎಲ್ಲ ಸೇರಿ 450 ರೂಪಾಯಿ!

ರಬ್ಬರು ಬಿರಿಯುವುದು ವಯಸ್ಸಿನಿಂದ, ಕಾವಿನಿಂದ. ಈಗ ಇನ್ನೊಂದು ಕಾರಣವೂ ಸೇರಿದೆ. ಕರಾಡದಿಂದ ಸಂಕೇಶ್ವರದವರೆಗೆ ರಸ್ತೆಯ ಎರಡೂ ಬದಿಗೆ ಕಬ್ಬು ನೋಡುತ್ತೀರಲ್ಲ, ಅಂಥ ಕಬ್ಬಿನಿಂದಲೂ ಎಥೆನಾಲ್ ತಯಾರಾಗಿ ಪೆಟ್ರೋಲಿಗೆ ಸೇರುತ್ತದೆ. ಶೇಕಡಾ 20ರ ಮಿಶ್ರಣ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಯಾಯಿತು. ಎಥೆನಾಲ್ ನೀರಿನ ಪಸೆ ಹೀರಿಕೊಳ್ಳುತ್ತದೆ, ಹಳೆಯ ಬಗೆಯ ರಬ್ಬರಿಗೆ ಅದು ಹಿಡಿಸುವುದಿಲ್ಲ. ಆದ್ದರಿಂದ ಹಳೆಯ ಕಾರಿದ್ದವರು ಎಥೆನಾಲ್ ತಾಳುವ ಕೊಳವೆಯನ್ನೇ ಕೇಳಿ ಹಾಕಿಸಿ.

“ಆಂಟೀ, ನಮ್ಮದು ಇಂಜೆಕ್ಷನ್ ಕಾರು” ಎನ್ನುತ್ತೀರಾ? ಅದಕ್ಕೂ ವಯಸ್ಸಾಗುತ್ತದೆ. ಅದರಲ್ಲಿ ವಿದ್ಯುತ್ ಪಂಪು ಸಾಮಾನ್ಯವಾಗಿ ಟ್ಯಾಂಕಿನೊಳಗೇ ಇರುತ್ತದೆ. ಚಾವಿಯನ್ನು ಆನ್ ಮಾಡಿ ಸೆಲ್ಫ್ ಹೊಡೆಯದೆ ಕಿವಿಗೊಡಿ. ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡು ಝುಂಯ್ ಎಂದರೆ ಪಂಪು ಎದ್ದಿದೆ. ಸದ್ದಿಲ್ಲದಿದ್ದರೆ ಫ್ಯೂಸು, ರಿಲೇ ನೋಡಿಸಿ. ಚಾವಿಯನ್ನು ಎರಡು ಮೂರು ಸಲ ಆನ್-ಆಫ್ ಮಾಡಿದ ಮೇಲೆ ಮಾತ್ರ ಬೇಗ ಶುರುವಾದರೆ, ನಿಂತಾಗ ಕೊಳವೆಯ ಒತ್ತಡ ಸೋರಿಹೋಗುತ್ತಿದೆ ಎಂದು ಮೆಕ್ಯಾನಿಕ್‌ಗೆ ಹೇಳಿ. ಒಂದು ಎಚ್ಚರಿಕೆ: ಬಿಸಿ ಎಂಜಿನ್ನಿನ ಹತ್ತಿರ ಪೆಟ್ರೋಲ್ ಕೊಳವೆಯನ್ನು ನೀವೇ ಕಳಚಲು ಹೋಗಬೇಡಿ, ಬಾಯಿಂದ ಎಳೆಯಲೂಬೇಡಿ.

ಮೂರನೆಯ ದಿನ ಧಾರವಾಡದಿಂದ ಹೊರಟೆವು. ಅತ್ತೆಯವರು ಮುಂದಿನ ಸೀಟಿನಲ್ಲಿ ಕುಳಿತು ಡ್ಯಾಶ್‌ಬೋರ್ಡನ್ನು ಕೈಯಿಂದ ಸವರಿದರು. ಕಿತ್ತೂರು, ಬೆಳಗಾವಿ, ತವಂದಿ ಘಾಟ್ ಎಂದು ನಾವು ಹೇಳುತ್ತಾ ಹೋದಂತೆ ಅವರು ಒಂದೊಂದು ಊರಿಗೂ ಒಂದೊಂದು ನೆಂಟರ ಹೆಸರು ಹೇಳಿದರು. ಬೇಕೆಂದೇ ಟ್ಯಾಂಕು ಅರ್ಧಕ್ಕೆ ಇಳಿದ ಮೇಲೆ ಸಾತಾರಾದ ಬಿಸಿಲಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿದೆವು. ಕಾರು ಮೊದಲನೆಯ ಸಲಕ್ಕೇ ಎದ್ದಿತು. ಆಪರೇಷನ್ ಸುಸೂತ್ರವಾಯಿತು. ಪಟ್ಟಿ ಬಿಚ್ಚಿದ ಮೇಲೆ ಅವರು ಬಾಲ್ಕನಿಯಿಂದ ಕೆಳಗೆ ನೋಡಿ, “ಬಣ್ಣ ಮಾಸೇತಿ, ಒಂದ ಕೋಟ್ ಹಚ್ಚಸ್ರಿ” ಎಂದರು.

ನಿಮ್ಮ ಮನೆಯಲ್ಲೂ ಅಜ್ಜನದೋ ಅಪ್ಪನದೋ ಒಂದು ಮುದಿ ಕಾರಿದ್ದರೆ ಗುಜರಿಗೆ ಹಾಕುವ ಮೊದಲು ಎರಡು ತಿಂಗಳು ಅದರ ಲೆಕ್ಕ ಬರೆದು ನೋಡಿ. ದಾರಿಗೆ ಹೊರಡುವಾಗ ಒಂದು ಫಿಲ್ಟರು, ಮೊಳದುದ್ದ ಹೊಸ ಕೊಳವೆ, ನಾಲ್ಕು ಕ್ಲಾಂಪು, ಒಂದು ಹಳೆಯ ಟವೆಲ್, ನೀರಿನ ಬಾಟಲಿ ಡಿಕ್ಕಿಯಲ್ಲಿರಲಿ. ಗ್ಯಾರೇಜಿನಲ್ಲಿ ನಿಮ್ಮ ಮುರುಕು ಕನ್ನಡದಲ್ಲೇ ಮಾತಾಡಿ, ಯಾರೂ ನಗುವುದಿಲ್ಲ.