ಇರುವೆಯ ಬೀಳು, ನಮ್ಮ ಮಾಳಿಗೆ

ಅಸರ್ ನಮಾಝಿನ ಬಳಿಕ ಮನೋಳಿಯ ನಮ್ಮ ಮಾಳಿಗೆಯ ಮೇಲೆ ಕುಳಿತಿದ್ದೆವು. ಚಿಕ್ಕ ಮಗನು ಅಂಚಿನ ಗೋಡೆಯ ಮೇಲಿದ್ದ ಕಪ್ಪಿರುವೆಯೊಂದನ್ನು ಕೆಳಕ್ಕೆ ತಳ್ಳಿದ. ಅಂಗಳದಲ್ಲಿದ್ದ ಅವನ ಅಕ್ಕ "ನಡ್ಯಾಕತ್ತೈತಿ!" ಎಂದು ಕೂಗಿದಳು. ಮರುಗಳಿಗೆಯಲ್ಲಿ ಅವನ ಕಾಲು ಗೋಡೆಯ ಮೇಲಿತ್ತು. ಹಿಡಿದೆಳೆದೆವು. ಗದರಿದರೆ ಸಾಲದು, ಕಾರಣವನ್ನೂ ಹೇಳಬೇಕಿತ್ತು.

ದೇಹದ ಉದ್ದ 10ರಲ್ಲೊಂದು ಪಾಲಾದರೆ ಮೇಲ್ಮೈ 100ರಲ್ಲೊಂದು ಪಾಲಾಗುತ್ತದೆ, ತೂಕವಾದರೋ 1000ದಲ್ಲೊಂದು. ಆದ್ದರಿಂದ ಕಿರುಜೀವಿಗೆ ತನ್ನ ತೂಕದ ಮಾನದಲ್ಲಿ ಗಾಳಿಯ ತಡೆ ಬಹಳ ಹೆಚ್ಚು. ಎಷ್ಟೇ ಎತ್ತರದಿಂದ ಬಿದ್ದರೂ ಅದರ ವೇಗ ಅಲ್ಪ ಮಿತಿಯೊಂದನ್ನು ಮುಟ್ಟಿ ಮುಂದೆ ಏರದು. 1926ರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಇದನ್ನೇ ಬರೆದರು: ಆಳವಾದ ಗಣಿಯೊಳಗೆ ಬಿದ್ದ ಚಿಟ್ಟಿಲಿ ಎದ್ದು ಹೋಗುತ್ತದೆ, ಹೆಗ್ಗಣ ಸಾಯುತ್ತದೆ. (ಮುಂದೆ ಅವರು ಭಾರತದ ಪ್ರಜೆಯೇ ಆದರು.)

ಸೂರಃ ಅನ್ನಮ್ಲ್‌ನ ಇರುವೆ ಅಂಜಿದ್ದು ಸುಲೈಮಾನರ(ಅ) ಸೇನೆಯ ಕಾಲ್ತುಳಿತಕ್ಕೆ. ಬೀಳುವುದಕ್ಕೆ ಅದು ಅಂಜಬೇಕಾಗಿಲ್ಲ. ಅಂಜಿಕೆಯನ್ನೂ ಅಲ್ಲಾಹನು ಅಳೆದೇ ಕೊಟ್ಟಿದ್ದಾನೆ.

ಮನುಷ್ಯನ ಮಾತು ಬೇರೆ. ತಡೆಗೋಡೆಯಿಲ್ಲದ ಮಾಳಿಗೆಯ ಮೇಲೆ ಮಲಗುವವನ ಕುರಿತು ಪ್ರವಾದಿಯವರ(ಸ) ಎಚ್ಚರಿಕೆ ಅಬೂದಾವೂದ್ ಸಂಗ್ರಹದಲ್ಲಿದೆ. ಅದನ್ನು ಎಷ್ಟೋ ಸಲ ಓದಿದ್ದರೂ ನಮ್ಮ ಗೋಡೆ ಮೊಣಕಾಲೆತ್ತರವೇ ಇತ್ತು. ಮರುದಿನ ಗವಂಡಿಯನ್ನು ಕರೆಸಿದೆವು.